ಹೆಸರು ಕೂಗಿದರೆ ತಿರುಗದ ಮಗಳು

ನಗಬಾರದ ಹೊತ್ತಿನಲ್ಲೇ ನಗು ಬರುವುದು ನಮ್ಮ ಮನೆಗೆ ಅಂಟಿದ ಚಾಳಿ. ಎಂಬತ್ತರ ದಶಕದಲ್ಲಿ ನಾವು ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನನ್ನವರು ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಗುಮಾಸ್ತರು. ಒಬ್ಬಳೇ ಮಗಳು. ಅವಳ ಚಿಂತೆಯಲ್ಲಿ ನಾನು ಕಣ್ಣೀರು ಹಾಕದ ದಿನವಿರಲಿಲ್ಲ. ಆದರೆ ಈಗ ನೆನಪಾಗುವುದೆಲ್ಲ ಕಣ್ಣೊರೆಸಿಕೊಳ್ಳುತ್ತ ನಕ್ಕದ್ದೇ.

ಅತ್ತೆಯವರ ಧೈರ್ಯ

ಎರಡೂವರೆ ವರ್ಷ ದಾಟಿದರೂ ಮಗಳು ಅವ್ವಾ ಅಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ತಟ್ಟೆ ತಿರುಗಿಸುತ್ತ ಕೂತರೆ ತಾಸುಗಟ್ಟಲೆ ಅದೇ. ಡಾಕ್ಟರಿಗೆ ತೋರಿಸೋಣವೆಂದು ನಾನು, ಐದು ವರ್ಷ ತುಂಬುವವರೆಗೆ ಕಾಯಬೇಕೆಂದು ಅತ್ತೆಯವರು. ಎಂಟು ದಿನ ನಮ್ಮಿಬ್ಬರ ನಡುವೆ ಮಾತೇ ಇಲ್ಲ. ಒಂದು ಮುಂಜಾನೆ ಅವರು ತಮ್ಮ ಕೊನೆಯ ಅಸ್ತ್ರ ತೆಗೆದರು.

"ನಿನ್ನ ಗಂಡನೂ ನಾಕು ವರ್ಷಕ್ಕ ಮಾತು ಶುರು ಮಾಡ್ಯಾನ. ಏನಾಗೇತಿ ಅವಗ?"

ನನ್ನವರು ಮೂಲೆಯಲ್ಲಿ ಎಂದಿನಂತೆ ತುಟಿ ಬಿಚ್ಚದೆ ಚಹಾ ಮುಂದಿಟ್ಟುಕೊಂಡು ಕೂತಿದ್ದರು. ಸಿಟ್ಟಿನ ಭರದಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತು.

"ಅವರು ಇನ್ನೂ ಎಲ್ಲಿ ಶುರು ಮಾಡ್ಯಾರ್ರಿ, ಅತ್ತಿ?"

ನಾನು ನೆಲ ನೋಡಿದೆ. ಅತ್ತೆಯವರು ಮಗನನ್ನೇ ದಿಟ್ಟಿಸಿದರು. ಮಗ ಆಗಲೂ ಏನೂ ಹೇಳಲಿಲ್ಲ. ಅತ್ತೆಯವರು ಎದ್ದು ಹೋಗಿ ಮಗುವಿನ ಸ್ವೆಟರ್ ತಂದು ನನ್ನ ಕೈಗಿಟ್ಟರು. "ಹೋಗ್ರಿ, ಇವತ್ತ ತೋರಿಸ್ಕೊಂಡು ಬರ್ರಿ."

ಬಿಸ್ಕತ್ತಿನ ಪೊಟ್ಟಣ

ಕಿವುಡಿರಬಹುದೆಂದು ಮೊದಲು ಕಿವಿಯ ಡಾಕ್ಟರ ಹತ್ತಿರ ಹೋದೆವು. ಅವರು ಮಗಳ ಬೆನ್ನ ಹಿಂದೆ ಗಂಟೆ ಬಾರಿಸಿದರು, ಚಪ್ಪಾಳೆ ತಟ್ಟಿದರು, ಡಬ್ಬಿ ಬಡಿದರು. ಮಗಳು ಮಿಸುಕಲಿಲ್ಲ. ಡಾಕ್ಟರು ಪೆನ್ನು ತೆಗೆದು ಬರೆಯತೊಡಗಿದರು. ಅಷ್ಟರಲ್ಲಿ ಪರದೆಯ ಆಚೆ ಕಂಪೌಂಡರ್ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ. ಕಾಗದದ ಸಣ್ಣ ಚರಚರ ಸದ್ದು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಗಳು ಪರದೆ ಸರಿಸಿ ಅವನ ಮುಂದೆ ನಿಂತಿದ್ದಳು.

ಡಾಕ್ಟರು ಬರೆದದ್ದನ್ನು ಹೊಡೆದು ಹಾಕಿದರು. ನಾಳೆಯಿಂದ ಪರೀಕ್ಷೆ ನೀನೇ ಮಾಡಪ್ಪ ಎಂದು ಕಂಪೌಂಡರನಿಗೆ ಹೇಳಿದರು.

ಮೊದಲ ಬಹುಮಾನ

ಅಲ್ಲಿಂದ ಮಕ್ಕಳ ಡಾಕ್ಟರಮ್ಮನ ಹತ್ತಿರ. ಅವರು ನೆಲದ ಮೇಲೆ ಮಗಳ ಜೊತೆ ಬಹಳ ಹೊತ್ತು ಕೂತರು. ಆಮೇಲೆ ನಾನೆಂದೂ ಕೇಳದ ಶಬ್ದವೊಂದನ್ನು ಹೇಳಿದರು: ಆಟಿಸಂ. ನನ್ನ ತಪ್ಪೇನು ಎಂದು ಕೇಳಿದೆ. ಯಾರ ತಪ್ಪೂ ಅಲ್ಲ, ಅವಳು ಹುಟ್ಟಿದ್ದೇ ಹೀಗೆ ಎಂದರು. ಎಷ್ಟೋ ಜನ ಎಂಟೊಂಬತ್ತು ವರ್ಷ ಮಗುವನ್ನು ಬೈದು ಹೊಡೆದು ಸೋತ ಮೇಲೆ ಬರುತ್ತಾರೆ, ನೀವು ಮೂರು ತುಂಬುವ ಮೊದಲೇ ಬಂದಿರಿ, ಕಲಿಸಲು ಇದೇ ಒಳ್ಳೆಯ ಹೊತ್ತು ಎಂದು ಲಕ್ಷ್ಮೀ ನಗರದ ಒಬ್ಬ ಟೀಚರ ವಿಳಾಸ ಕೊಟ್ಟರು.

ಟೀಚರು ಕಲಿಸಿದ್ದು ಮಗಳಿಗಿಂತ ಹೆಚ್ಚು ನಮಗೆ. ಒಂದೇ ಶಬ್ದ ಹೇಳಿ, ಆಮೇಲೆ ಸುಮ್ಮನೆ ಕಾಯಬೇಕು. ನಾನು "ನೀರು ಬೇಕೇನ ನಮ್ಮ ಬಂಗಾರಕ್ಕ, ತಣ್ಣಂದು ಕೊಡ್ಲೇನ" ಎಂದು ಶುರು ಮಾಡಿ ವಾರವೆಲ್ಲ ಬೈಸಿಕೊಂಡೆ. ನನ್ನವರು ಲೋಟ ಹಿಡಿದು "ನೀರು" ಎಂದರು. ಅಲ್ಲಾಡದೆ ಕೂತರು. ಬಹಳ ಹೊತ್ತಿನ ಮೇಲೆ ಮಗಳು ಅವರ ಮುಖ ನೋಡಿ "ನೀ" ಅಂದಳು.

ನನಗೆ ಅಳು ತಡೆಯಲಾಗಲಿಲ್ಲ. ಟೀಚರು ನನಗೆ, ಕಲಿಯುವುದಿದ್ದರೆ ನಿಮ್ಮ ಯಜಮಾನರನ್ನು ನೋಡಿ ಕಲಿಯಿರಿ ಎಂದರು. ಮದುವೆಯಾದಾಗಿನಿಂದ ನಾನು ದೂರುತ್ತ ಬಂದ ಗುಣಕ್ಕೆ ಅಂದು ಮೊದಲ ಬಹುಮಾನ ಬಂತು.

ಮಹಾಲಿನ ಗಲ್ಲಿ

ಅವಳಿಗೆ ನಾಲ್ಕು ವರ್ಷವಿದ್ದಾಗ ನಾಗಪುರದ ಹಳೇ ಪೇಟೆ ಮಹಾಲಿನಲ್ಲಿ ಕೈ ತಪ್ಪಿಸಿಕೊಂಡಳು. ಬಟ್ಟೆ ನೋಡಲೆಂದು ಕೈ ಬಿಟ್ಟಿದ್ದೆ, ಅಷ್ಟೇ. ಇಕ್ಕಟ್ಟಾದ ಗಲ್ಲಿ, ಎರಡೂ ಕಡೆಯಿಂದ ಸ್ಕೂಟರುಗಳು. ಹೆಸರು ಕೂಗಿ ಫಲವಿಲ್ಲ, ಅವಳು ತಿರುಗುವುದಿಲ್ಲ. ಆಗ ಟೀಚರು ಹೇಳಿದ್ದು ನೆನಪಾಯಿತು: ಕಾಣದಾದರೆ ಕೂಗಬೇಡಿ, ಅವಳಿಗೆ ಇಷ್ಟವಾದದ್ದು ಎಲ್ಲಿದೆ ಎಂದು ಯೋಚಿಸಿ. ನಾನು ಕಂಡಕಂಡವರನ್ನೆಲ್ಲ ಇಲ್ಲಿ ತಿರುಗುವಂಥದ್ದು ಏನಿದೆ ಎಂದು ಕೇಳಿದೆ. ಜನ ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಒಬ್ಬ ಅಜ್ಜ ಮಾತ್ರ ಸೈಕಲ್ ರಿಪೇರಿ ಅಂಗಡಿ ತೋರಿಸಿದ.

ಅಲ್ಲೇ ಇದ್ದಳು. ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲು, ಗಿರಗಿರ ತಿರುಗುವ ಚಕ್ರ. ಮೇಸ್ತ್ರಿ ತಿರುಗಿಸುವುದನ್ನು ನಿಲ್ಲಿಸಿದರೆ ಅವನ ಕೈ ಹಿಡಿದು ಮತ್ತೆ ಚಕ್ರದ ಮೇಲಿಡುತ್ತಿದ್ದಳು. ಸೈಕಲ್ಲಿನ ಯಜಮಾನನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಚಕ್ರವನ್ನೇ ನೋಡುತ್ತಿದ್ದ. ಮಗಳನ್ನು ಹೇಗೋ ಎಬ್ಬಿಸಿದೆ, ಅವನು ಏಳಲಿಲ್ಲ.

ಶಾಲೆಗೆ ಸೇರಿಸಿದ್ದು

ಆರು ವರ್ಷಕ್ಕೆ ಅವಳ ಬಾಯಲ್ಲಿ ಒಂದಿಷ್ಟು ಮಾತು ಕೂತಿತ್ತು, ಕುರ್ಚಿಯ ಮೇಲೆ ಕೂರುವುದೂ ಬಂದಿತ್ತು. ಆದರೂ ಎರಡು ಶಾಲೆಗಳು ಬೇಡವೆಂದಿದ್ದವು. ಮೂರನೆಯದೇ ಕೊನೆಯ ಆಸೆ. ಹೆಡ್‌ಮಿಸ್ಟ್ರೆಸ್ ಡಾಕ್ಟರಮ್ಮನ ಪತ್ರ ಓದಿ, ಶಿಸ್ತಿನ ಬಗ್ಗೆ ಮರಾಠಿಯಲ್ಲಿ ಮಾತು ಶುರು ಮಾಡಿದರು. ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಮಗಳು ಈಗ ಕಿರುಚುತ್ತಾಳೆ, ಈಗ ಓಡುತ್ತಾಳೆ ಎಂದು ನಾನು ಅವಳನ್ನೇ ನೋಡುತ್ತ ಕೂತಿದ್ದೆ. ಅವಳು ಕಿರುಚಲಿಲ್ಲ. ಎದ್ದು ನಿಂತು ಸ್ಪಷ್ಟವಾಗಿ "ಮುಗೀತು" ಅಂದಳು.

ಏನೆಂದಳು ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು. ನಮಸ್ಕಾರ ಅಂದಳು ಎನ್ನಬಹುದಿತ್ತು. ಆದರೆ ನಿಜವೇ ಹೊರಬಿತ್ತು. ಬಾಗಿಲಲ್ಲಿದ್ದ ಜವಾನ ಗೋಡೆಯ ಕಡೆ ಮುಖ ತಿರುಗಿಸಿದ. ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಮಗಳನ್ನು ನೋಡಿದರು.

"ಬೇಕಾದ್ದನ್ನು ಬಾಯಿಬಿಟ್ಟು ಹೇಳುತ್ತಾಳಲ್ಲ. ಸೋಮವಾರದಿಂದ ಕಳಿಸಿ," ಎಂದು ಸಹಿ ಹಾಕಿದರು.

ನಾವು ಗೇಟು ದಾಟುವಷ್ಟರಲ್ಲಿ ಜವಾನ ಹಿಂದಿನಿಂದ ಓಡಿ ಬಂದ. ಆ ಕನ್ನಡ ಶಬ್ದವನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿಕೊಡಿ ಎಂದ. ಸ್ಟಾಫ್ ರೂಮಿನಲ್ಲಿ ಟೀಚರುಗಳೆಲ್ಲ ಬರೆದುಕೊಳ್ಳಲು ಕಾಯುತ್ತಿದ್ದರಂತೆ.