ನೇರಳೆ ಹೂವಿನ ಗೌನು

ಹೆಂಡತಿಯ ಗೌನಿನ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಫೋನಿನಲ್ಲಿ ಹರಟೆ ಹೊಡೆಯುವ ಧೈರ್ಯ ಯಾವ ಗಂಡನಿಗೂ ಬರಬಾರದು. ನಮ್ಮ ಗುಮಾಸ್ತರಿಗೆ ಆ ಭಾನುವಾರ ಬಂತು. ವಾಸನೆ ಮೂಗಿಗೆ ಬಡಿದು ಓಡಿಬಂದು ಎತ್ತಿ ನೋಡಿದರೆ, ಗೌನಿನ ಎದೆಯಲ್ಲಿ ಇಸ್ತ್ರಿಪೆಟ್ಟಿಗೆಯದೇ ಆಕಾರದ ಕಿಟಕಿ!

ಗೌನು ಅಂತಿಂಥದ್ದಲ್ಲ. ಸಾಸಿವೆ ಹಳದಿ ಬಟ್ಟೆ, ಅದರ ತುಂಬ ಹೂಕೋಸಿನಷ್ಟು ದಪ್ಪ ನೇರಳೆ ಹೂವುಗಳು. ಮದುವೆಯಾದ ಹೊಸದರಲ್ಲಿ ಗುಮಾಸ್ತರೇ ತಂದುಕೊಟ್ಟದ್ದು. ಹೆಂಡತಿ "ಅಯ್ಯೋ, ಎಷ್ಟು ಚೆನ್ನಾಗಿದೆ ರೀ!" ಅಂದಿದ್ದಳು. ಅಲ್ಲಿಂದೀಚೆಗೆ ಯಾರ ಮನೆಗೆ ಹೋಗುವುದಿದ್ದರೂ ಅದೇ. ಆ ದಿನ ತಂಗಿಯ ಮನೆಗೆ ಹೋಗಿದ್ದವಳು ಸಂಜೆ ಬಂದು, ಗೆಳತಿಯ ಮನೆಯ ಊಟಕ್ಕೆ ಅದನ್ನೇ ಹಾಕಿಕೊಂಡು ಹೋಗಬೇಕಿತ್ತು. "ಚೆನ್ನಾಗಿ ಬಿಸಿ ಮಾಡಿ ಒತ್ತಿ" ಎಂದು ಹೇಳಿಯೂ ಹೋಗಿದ್ದಳು.

ಗುಮಾಸ್ತರಿಗೆ ಬೀದಿಯವರು ಇಟ್ಟ ಹೆಸರು 'ಇಷ್ಟೇನಾ ಸಾಹೇಬರು'. ನಲ್ಲಿ ಸೋರಲಿ, ಫ್ಯಾನು ನಿಲ್ಲಲಿ, "ಇಷ್ಟೇನಾ?" ಎಂದು ಕೈಹಾಕಿ ಕೆಟ್ಟದ್ದನ್ನು ಇನ್ನಷ್ಟು ಕೆಡಿಸುವವರು ಅವರು. ಗೌನು ಹೊಲಿಯುವ ವಿಡಿಯೋ ಒಂದನ್ನು ನೋಡಿ ಮುಗಿಸಿ, ಈಗಲೂ "ಇಷ್ಟೇನಾ?" ಅಂದರು.

ಬಟ್ಟೆ ಅಂಗಡಿಯವನು ಸುಟ್ಟ ಚೂರನ್ನು ನೋಡಿ ಕಣ್ಣರಳಿಸಿದ. "ಈ ಬಟ್ಟೇನಾ ಸಾರ್? ಇದನ್ನ ಕೇಳ್ಕೊಂಡು ಬಂದೋರು ನೀವೊಬ್ರೇ!" ಉಗ್ರಾಣದ ಮೂಲೆಯಿಂದ ಆ ಬಟ್ಟೆಯ ಇಡೀ ತಾನನ್ನು ಹೊತ್ತು ತಂದು ಧೂಳು ಕೊಡವಿದ. "ತಿಳಿನೀಲಿ ಕಾಟನ್ ಬಂದಿದೆ, ಮೈಗೆ ಹಿತವಾಗಿರತ್ತೆ. ತೋರಿಸ್ಲಾ?"

ಗುಮಾಸ್ತರು ತಿಳಿನೀಲಿಯನ್ನು ಆಸೆಯಿಂದ ಒಮ್ಮೆ ಸವರಿ ಕೈ ಹಿಂತೆಗೆದರು. "ಬೇಡಪ್ಪ, ಇದನ್ನೇ ಅಳೆದು ಕೊಡು."

ಹೊಲಿಗೆ ಯಂತ್ರ ಎದುರುಮನೆ ದೊಡ್ಡಮ್ಮನದು. ಯಂತ್ರ ಬಂದರೆ ದೊಡ್ಡಮ್ಮನೂ ಬರಲೇಬೇಕು. ಹಳೆಯ ಗೌನಿನ ಹೊಲಿಗೆ ಬಿಚ್ಚಿ, ದಿನಪತ್ರಿಕೆಯ ಮೇಲೆ ಹರಡಿ ಗುಮಾಸ್ತರು ಗೆರೆ ಎಳೆಯುತ್ತಿದ್ದಂತೆ ಅವರು ಶುರುಮಾಡಿದರು. "ಇದೇ ಅಳತೆಗೆ ಕತ್ತರಿಸ್ತೀಯೇನೋ? ನಿನ್ ಹೆಂಡ್ತಿ ಇನ್ನೂ ಆಗಿನ ಹಾಗೇ ಇದಾಳಾ? ಸೊಂಟಕ್ಕೆ ಎರಡು ಬೆರಳು ಜಾಸ್ತಿ ಬಿಡು."

"ಯಾರ ಬೆರಳು?" ಎಂದು ಬಾಗಿಲಲ್ಲಿ ದನಿ ಕೇಳಿತು. ತಮ್ಮ ಪತ್ರಿಕೆ ವಾಪಸು ಕೇಳಲು ಬಂದಿದ್ದ ಮಹಡಿಮನೆ ಡ್ರಾಯಿಂಗ್ ಮೇಷ್ಟ್ರು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. "ಸೊಂಟ ಹೆಚ್ಚಿಸಿದ್ರೆ ಭುಜಾನೂ ಹೆಚ್ಚಿಸ್ಬೇಕು. ಪ್ರಮಾಣ ಅಂತ ಒಂದಿದೆ ರೀ."

ಇಬ್ಬರ ಮಾತನ್ನೂ ಮೀರಲಾರದೆ ಗುಮಾಸ್ತರು ಕಾಗದಕ್ಕೆ ಪಟ್ಟಿ ಅಂಟಿಸಿದರು, ಕಿತ್ತರು, ಮತ್ತೆ ಅಂಟಿಸಿದರು. ಕೊನೆಗೆ ಮಡಿಸಿದ ಬಟ್ಟೆಗೆ ಕತ್ತರಿ ಹಾಕಿದಾಗ ಮುಂಭಾಗ ಎರಡು ಹೋಳಾಗಿ ಕೈಗೆ ಬಂತು.

"ಕಾಗದಾನ ಮಡಿಕೆ ಕಡೆ ಇಡ್ಬೇಕು ಕಣೋ! ಬಿಚ್ಚಿದ ಅಂಚಿಗೆ ಇಟ್ಟಿದ್ದೀಯಲ್ಲ!" ದೊಡ್ಡಮ್ಮ ಹಣೆ ಚಚ್ಚಿಕೊಂಡರು.

ಮತ್ತೆ ಅಂಗಡಿಗೆ ಓಟ. ಎರಡನೆಯದರಲ್ಲಿ ಹೊಲಿಗೆಗೆಂದು ಅಂಚು ಬಿಡುವುದು ಮರೆತುಹೋಯಿತು. ಅಳತೆ ನೋಡಲು ಗುಮಾಸ್ತರೇ ತೊಟ್ಟು, ಎರಡೂ ಕೈ ಮೇಲೆತ್ತಿದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡರು. ಮೇಷ್ಟ್ರು ಕತ್ತರಿ ಹಾಕಿ ಬಿಡಿಸಬೇಕಾಯಿತು. ಮೂರನೆಯ ಸಲ ಅಂಗಡಿಯವನಿಗೇ ಕನಿಕರ ಬಂತು. "ಎಷ್ಟು ಸಲ ಅಂತ ಓಡಾಡ್ತೀರಿ ಸಾರ್, ಇಡೀ ತಾನೇ ತಗೊಂಡುಬಿಡಿ. ಅರ್ಧ ಬೆಲೆಗೆ ಕೊಡ್ತೀನಿ." ಗುಮಾಸ್ತರು ತಾನನ್ನು ಹೆಗಲಿಗೇರಿಸಿಕೊಂಡು ಬಂದರು.

ಸಂಜೆ ಕೊನೆಯ ದಾರ ಕತ್ತರಿಸುವುದಕ್ಕೂ ಹೆಂಡತಿ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಗುಮಾಸ್ತರ ನಾಲಿಗೆ ಒಣಗಿತು. ದೊಡ್ಡಮ್ಮನದು ಒಣಗುವ ನಾಲಿಗೆಯಲ್ಲ. "ನಿನ್ ಗೌನು ಸುಟ್ಟುಹಾಕಿದಾನೆ ಕಣೇ ನಿನ್ನ ಗಂಡ!"

"ಸುಟ್ಟುಹೋಯ್ತಾ? ಪೂರ್ತಿ?" ಹೆಂಡತಿಯ ಮುಖ ಬೆಳಗಿತು.

"ಹೂಂ. ಹೆದರ್ಬೇಡ, ಥೇಟ್ ಅಂಥದ್ದೇ ಹೊಲಿದಿದೀವಿ!"

ಬೆಳಗಿದ ಮುಖ ಪಟ್ಟನೆ ಆರಿಹೋಯಿತು. ದೊಡ್ಡಮ್ಮ, ಮೇಷ್ಟ್ರು ಇಬ್ಬರೂ ಬಿಡದೆ, ತೊಟ್ಟು ಬರಲು ಹೇಳಿ ನೋಡಿದರು. ಹಾಳಾದ್ದು, ಅಚ್ಚುಕಟ್ಟಾಗಿ ಕೂತಿತ್ತು. ಚಪ್ಪಾಳೆ ತಟ್ಟಿ ಅವರು ಹೊರಟಮೇಲೆ ಹೆಂಡತಿ ಕುರ್ಚಿಯಲ್ಲಿ ಕುಸಿದಳು.

"ಅಲ್ಲಾ ರೀ, ಅದು ತೊಲಗ್ಲಿ ಅಂತ ಇಸ್ತ್ರಿಪೆಟ್ಟಿಗೆ ಬಿಸಿ ಪೂರ್ತಿ ಏರಿಸಿಟ್ಟು ಹೋಗಿದ್ದೆ ನಾನು!"

"ಅಂದ್ರೆ... ನಿನಗೆ ಅದು ಇಷ್ಟ ಇರ್ಲಿಲ್ವಾ?"

"ನೀವು ಆಸೆಪಟ್ಟು ತಂದಿದ್ದು ಅಂತ ಇಷ್ಟು ವರ್ಷ ಸಹಿಸ್ಕೊಂಡೆ."

"ನಾನೆಲ್ಲಿ ಆಸೆಪಟ್ಟೆ? ಅಂಗಡಿಯವನು ಗಂಟುಹಾಕಿದ. ಅದನ್ನ ಹಾಕ್ಕೊಂಡು ನೀನು ಪಕ್ಕದಲ್ಲಿ ನಡೆದ್ರೆ ನನಗೆ ತಲೆ ಎತ್ತೋಕಾಗ್ತಿರ್ಲಿಲ್ಲ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಗುಮಾಸ್ತರಿಗೆ ನಗು ಬಂತು, ಹೆಂಡತಿಗೆ ಬರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಮತ್ತೆ ಬಾಗಿಲಲ್ಲಿ ಇಣುಕಿದರು. "ಉಳಿದ ತಾನು ಹಾಳಾಗೋದ್ಯಾಕೆ? ಇವನಿಗೂ ಒಂದು ಶರಟು ಹೊಲಿದುಕೊಡ್ಲೇನೇ? ಜೋಡಿಯಾಗಿ ಹಾಕ್ಕೊಂಡು ಹೋಗ್ಬಹುದು."

ಹೆಂಡತಿಗೆ ಆಗ ನಗು ಬಂತು. "ಹೊಲೀರಿ ದೊಡ್ಡಮ್ಮ, ಎರಡು ಹೊಲೀರಿ! ಆಫೀಸಿಗೂ ಆಗತ್ತೆ. ಅವರಿಗೆ ಈ ಬಟ್ಟೆ ಅಂದ್ರೆ ಪ್ರಾಣ."

"ಇಷ್ಟೇನಾ?" ಅಂದರು ದೊಡ್ಡಮ್ಮ, ಟೇಪು ಬಿಚ್ಚುತ್ತಾ. "ಹತ್ತಕ್ಕಾಗೋಷ್ಟು ಬಟ್ಟೆ ಇದೆ!"

ಗುಮಾಸ್ತರು ಎರಡೂ ಕೈ ಅಗಲಿಸಿ ಅಳತೆಗೆ ನಿಂತರು.