ಒಳಗೆ ತಾಮ್ರ, ತಟ್ಟೆಯಲ್ಲಿ ಸಪ್ಪೆ ಸಾರು

ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗಲೆಲ್ಲ ನಾನು ಎಡವಿದವಳು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಕಡೆಗೆ ಎರಡು ಬಸ್ಸು ನಿಂತಿದ್ದರೆ ನಾನು ಹತ್ತಿ ಕೂತದ್ದು ಕದಲುವುದಿಲ್ಲ. ಇನ್ನೊಂದು ಕಣ್ಣೆದುರೇ ಹೊರಟುಹೋಗುತ್ತದೆ. ಅರ್ಧ ದಿನ ಅಂಗಡಿಯಲ್ಲಿ ಕೂತು ಆರಿಸಿ ತಂದ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಜೊತೆಯಲ್ಲಿ ನೆನೆಹಾಕಿದ್ದ ಯಜಮಾನರ ಪಂಚೆಯನ್ನೂ ಹಾಳುಮಾಡುತ್ತದೆ. ಇಂಥವಕ್ಕೆ ನಕ್ಕು ಸುಮ್ಮನಾಗಬಹುದು. ಆದರೆ ಎಂಬತ್ತರ ದಶಕದ ಆರಂಭದಲ್ಲಿ, ನನ್ನ ಜೀವದ ಪ್ರಶ್ನೆಯೇ ಆಗಿದ್ದ ಒಂದು ಆಯ್ಕೆಯಲ್ಲೂ ನಾನು ಹೀಗೇ ಮಾಡಿದೆ. ನಾಲ್ಕು ಜನರ ಮುಂದೆ ಹೆಂಗಸರು ಆಡುವ ವಿಷಯವಲ್ಲ ಅದು. ಈಗ ವಯಸ್ಸಾಗಿದೆ, ಆಡಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೂ ನನ್ನ ಕಿವಿ ಮಂದ, ಕೇಳಿಸುವುದಿಲ್ಲ.

ಆಗ ನಾನು ಹೊನ್ನವಳ್ಳಿಯ ಆಚೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಯಜಮಾನರದು ತೆಂಗಿನ ತೋಟ, ಮನೆಯಲ್ಲಿ ಅತ್ತೆ, ನಮಗೆ ಇಬ್ಬರು ಹೆಣ್ಣುಮಕ್ಕಳು. ಎರಡನೆಯವಳು ಹುಟ್ಟುವಾಗ ನನ್ನ ಮೈಯಲ್ಲಿದ್ದ ರಕ್ತವೆಲ್ಲ ಹರಿದುಹೋಗಿ, ತಿಪಟೂರಿನ ಲೇಡಿ ಡಾಕ್ಟರು ಹೇಗೋ ಎಳೆದು ಈ ಕಡೆಗೆ ಹಾಕಿದ್ದರು. ಮಗುವಿಗೆ ಆರು ತಿಂಗಳಾದಾಗ ನಾನೇ ಅವರ ಬಳಿ ಹೋದೆ. ಅವರು ಸುತ್ತಿಬಳಸಿ ಮಾತಾಡುವವರಲ್ಲ. "ಮೂರನೇದು ಬಂದ್ರೆ ನಿಮ್ಮ ಜೀವಕ್ಕೆ ನಾನು ಗ್ಯಾರಂಟಿ ಕೊಡಲ್ಲ ಮೇಡಂ. ಆಪರೇಷನ್ ಮಾಡಿಸ್ಕೊಂಡ್ಬಿಡಿ" ಎಂದರು. ನಾನು, "ಎರಡೂ ಹೆಣ್ಣಲ್ವಾ ಡಾಕ್ಟ್ರೇ, ನಮ್ಮತ್ತೆ ಒಪ್ಪಲ್ಲ" ಎಂದೆ. ಈ ಉತ್ತರಕ್ಕೆ ನಾನು ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ.

ಅವರು ನಿಟ್ಟುಸಿರು ಬಿಟ್ಟು ಮೇಜಿನ ಮೇಲೆ ಎರಡು ಪೊಟ್ಟಣ ಇಟ್ಟರು. ಎರಡೂ ಬಸಿರು ನಿಲ್ಲದಂತೆ ಗರ್ಭಕೋಶದೊಳಗೆ ಇಡುವಂಥವು, ಎರಡೂ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಇದ್ದವು. ಒಂದಕ್ಕೆ ಸಣ್ಣ ತಾಮ್ರದ ತಂತಿ ಸುತ್ತಿತ್ತು. ಅದು ಮೂರು ವರ್ಷ ಬರುತ್ತದೆ, ಆದರೆ ತಿಂಗಳ ಸ್ರಾವ ಹೆಚ್ಚಾಗಬಹುದು. ಇನ್ನೊಂದು ಅವರ ತಂಗಿ ವಿದೇಶದಿಂದ ತಂದುಕೊಟ್ಟದ್ದು. ಅದರಲ್ಲಿ ತಾಮ್ರವಿಲ್ಲ, ಒಳಗೆ ಹಾರ್ಮೋನು ತುಂಬಿದೆ, ಸ್ರಾವ ಕಡಿಮೆ, ಆದರೆ ವರ್ಷಕ್ಕೊಮ್ಮೆ ಬದಲಾಯಿಸಬೇಕು. "ನಿಮಗೆ ರಕ್ತ ಕಮ್ಮಿ. ಸದ್ಯಕ್ಕೆ ಇದೇ ವಾಸಿ. ವರ್ಷ ತುಂಬೋದ್ರೊಳಗೆ ಇನ್ನೊಂದು ತರಿಸೋಣ" ಎಂದು ವಿದೇಶದ್ದನ್ನು ನನ್ನ ಕಡೆಗೆ ಸರಿಸಿದರು.

ಹೊರಗೆ ಬೆಂಚಿನ ಮೇಲೆ ಹಿಂಡಿಯ ಚೀಲ ಇಟ್ಟುಕೊಂಡು ಕೂತಿದ್ದ ಯಜಮಾನರಿಗೆ ಡಾಕ್ಟರು ಅಂದದ್ದನ್ನೆಲ್ಲ ಹೇಳಿ, ಏನು ಮಾಡಲಿ ಎಂದು ಕೇಳಿದೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಒಣಗಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಅವರು; ಹುಳಿಯಾರಿನ ವ್ಯಾಪಾರಿಗಳೂ ಅವರ ಮಾತು ನಂಬುತ್ತಿದ್ದರು. ಹೆಂಡತಿಯ ಒಳಗಿನ ವಿಚಾರ ಕೇಳಿದರೆ ಮಾತ್ರ ಕಿವಿ ಕೆಂಪಗಾಗುತ್ತಿತ್ತು. "ನೀನು ಓದ್ದೋಳು, ನಿಂಗೆಂಗೆ ಅನ್ಸುತ್ತೋ ಅಂಗೆ ಮಾಡು. ಬಸ್ಸಿಗೆ ಒತ್ತಾಯ್ತು" ಎಂದರು.

ಓದಿದವಳು ಏನು ಮಾಡಿದಳು ಕೇಳಿ. ಹಾರ್ಮೋನು ಅಂದರೆ ಮೀಸೆ ಬರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಕನ್ನಡದ ಮೇಡಂ ಹೇಳಿದ್ದರು. ಅವರಿಗೆ ಅದನ್ನು ಯಾರು ಹೇಳಿದರೋ ಗೊತ್ತಿಲ್ಲ. ತಾಮ್ರವಾದರೆ ಪರಿಚಯದ್ದು. ಮನೆಯ ಹಂಡೆ ತಾಮ್ರದ್ದು, ದೇವರ ಮುಂದಿನ ತಂಬಿಗೆ ತಾಮ್ರದ್ದು, ಎಂಟನೇ ಕ್ಲಾಸಿಗೆ ತಾಮ್ರದ ಗುಣಗಳನ್ನು ವರ್ಷಾ ವರ್ಷಾ ನಾನೇ ಪಾಠ ಮಾಡುತ್ತಿದ್ದೆ. ಇವೆಲ್ಲ ಡಾಕ್ಟರಿಗೆ ಕೊಟ್ಟ ಕಾರಣಗಳು. ಮನಸ್ಸಿನೊಳಗಿನ ಲೆಕ್ಕವೇ ಬೇರೆ. ನನಗೆ ಇಪ್ಪತ್ತೇಳು; ಮೂರು ವರ್ಷ ಮೈ ಸುಧಾರಿಸಿಕೊಂಡರೆ ಮೂವತ್ತು; ಆಗ ತೆಗೆಸಿದರೆ ಇನ್ನೊಂದು ಮಗುವಿಗೆ ಕಾಲ ಮಿಂಚಿರುವುದಿಲ್ಲ. ಗ್ಯಾರಂಟಿ ಇಲ್ಲ ಎಂದ ಡಾಕ್ಟರ ಎದುರಿನಲ್ಲೇ ಕೂತು ಈ ಲೆಕ್ಕ ಹಾಕಿದೆ. ತಾಮ್ರದ್ದನ್ನೇ ಹಾಕಿಸಿಕೊಂಡು ಬಸ್ಸು ಹತ್ತಿದೆ.

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹೊರಗಿನ ಪಡಸಾಲೆಯ ಮೂಲೆಯಲ್ಲಿ ಕೂರಬೇಕು. ಚಾಪೆ ಬೇರೆ, ತಟ್ಟೆ ಬೇರೆ, ಒಲೆಯ ಕಡೆ ಸುಳಿಯುವಂತಿಲ್ಲ. ಶಾಲೆಗೆ ಹೋಗಬಹುದು, ಅಡಿಗೆಮನೆಗೆ ಹೋಗಬಾರದು. ತಾಮ್ರ ಬಂದ ಮೇಲೆ ಆ ಮೂರು ದಿನ ಆರಾಯಿತು, ಮುಂದಿನ ತಿಂಗಳು ಎಂಟಾಯಿತು. ಮೊದಮೊದಲು ವಿಶ್ರಾಂತಿ ಸಿಕ್ಕಿತೆಂದು ಒಳಗೊಳಗೇ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ಹಿರಿಯವಳು ಹೊಸ್ತಿಲ ಆಚೆ ನಿಂತು "ಅಮ್ಮ, ಇವತ್ತು ಎತ್ಕೋತೀಯಾ?" ಎಂದು ಕೇಳುತ್ತಿದ್ದಳು. ಇಲ್ಲ ಎಂದು ಹೇಳಿ ಹೇಳಿ ಸಾಕಾಗಿಹೋಯಿತು. ಆ ಪಡಸಾಲೆಯಷ್ಟು ಬೇಸರದ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಂಟು ದಿನವನ್ನು ಅತ್ತೆಯಿಂದ ಮುಚ್ಚಿಡಲಾಗುವುದಿಲ್ಲ. "ಏನವ್ವಾ, ನಿಂದು ಮುಗಿಯಂಗೇ ಕಾಣಲ್ವಲ್ಲ" ಎಂದು ದೂರದಿಂದಲೇ ಕೇಳಿದರು. ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿ ಕೂತೆ. ಅವರು ನನ್ನ ತಟ್ಟೆಯ ಕಡೆ ನೋಡಿ, "ಒಳಗೆ ತಾಮ್ರ ಇಟ್ಕಂಡು ಹುಳಿ ತಿಂತಾ ಇದ್ದೀಯಾ? ಕಿಲುಬು ಏಳಲ್ವೇನವ್ವಾ?" ಎಂದರು. ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಹಸಿರು ಕಿಲುಬು ಬಂದು ವಿಷವಾಗುತ್ತದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವತ್ತಿನಿಂದ ನನ್ನ ತಟ್ಟೆಗೆ ಹುಣಸೆಹಣ್ಣು ನಿಂತುಹೋಯಿತು. ಮಜ್ಜಿಗೆ ಇಲ್ಲ, ಉಪ್ಪಿನಕಾಯಿ ಇಲ್ಲ, ಸಾರಿಗೆ ಟೊಮ್ಯಾಟೊ ಸಹ ಇಲ್ಲ. ನನಗೆಂದೇ ಬೇರೆ ಮಾಡಿದ ಸಪ್ಪೆ ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದೆ. ಹೊಟ್ಟೆ ಬೇರೆ, ಗರ್ಭಕೋಶ ಬೇರೆ, ತಿಂದದ್ದು ಅಲ್ಲಿಗೆ ಹೋಗುವುದಿಲ್ಲ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವವಳು ನಾನು. ಅತ್ತೆಗೂ ಹೇಳಿದೆ. "ನಿನ್ ಪುಸ್ತಕದಾಗೆ ಕಿಲುಬು ಇಲ್ವಾ?" ಎಂದರು. ಇತ್ತು, ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಆಮ್ಲ ಮತ್ತು ತಾಮ್ರ ಎಂದು ಸಾಕಷ್ಟು ವಿವರವಾಗಿಯೇ ಇತ್ತು. ನಾಚಿಕೆಯ ವಿಷಯವೆಂದರೆ, ಶಾಲೆಯಲ್ಲಿ ಕನ್ನಡದ ಮೇಡಂ ತಮ್ಮ ಡಬ್ಬಿಯಿಂದ ಮಾವಿನಕಾಯಿ ಚಿತ್ರಾನ್ನ ಕೊಟ್ಟಾಗ, ಅತ್ತೆ ಎದುರಿಗಿಲ್ಲದಿದ್ದರೂ ನಾನು ಬೇಡ ಎಂದೆ.

ಹತ್ತು ತಿಂಗಳು ಹೀಗೆ ನಡೆಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ಉಗುರು ಬಿಳಿಚಿಕೊಂಡವು. ಡಾಕ್ಟರ ಬಳಿ ಹೋದರೆ ಮತ್ತೆ ಆಪರೇಷನ್ನಿನ ಮಾತೆತ್ತುತ್ತಾರೆಂದು ಹೋಗಲಿಲ್ಲ. ಒಂದು ಸೋಮವಾರ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಕುಸಿದುಬಿದ್ದೆ. ಮಕ್ಕಳು ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದರು, ಯಾರದೋ ಗಾಡಿಯಲ್ಲಿ ಮನೆಗೆ ತಂದರು.

ಅವತ್ತು ನನಗೆ ಹೊರಗಿನ ಏಳನೇ ದಿನ. ಮೂಲೆಯ ಚಾಪೆಯ ಮೇಲೆ ಮಲಗಿದ್ದೆ. ಅತ್ತೆ ರಾಗಿ ಗಂಜಿಯ ಲೋಟ ಹಿಡಿದು ಬಂದರು. ಎಂದಿನಂತೆ ದೂರದಲ್ಲಿಟ್ಟು ಹೋಗುತ್ತಾರೆಂದುಕೊಂಡೆ. ಅವರು ನೇರವಾಗಿ ಬಂದು ಚಾಪೆಯ ಮೇಲೆಯೇ ಕೂತು, ನನ್ನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡರು. ಆ ಮನೆಗೆ ಸೊಸೆಯಾಗಿ ಬಂದ ಏಳು ವರ್ಷದಲ್ಲಿ ಆ ದಿನಗಳಲ್ಲಿ ನನ್ನನ್ನು ಯಾರೂ ಮುಟ್ಟಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಮುಟ್ಟುದ್ರಿ ಅತ್ತೆ" ಎಂದೆ.

"ಸ್ನಾನ ಮಾಡ್ಕತೀನಿ ಬುಡು" ಎಂದು ಗಂಜಿ ಕುಡಿಸಿದರು. ಆಮೇಲೆ ಕೇಳಿದರು: "ಡಾಕ್ಟ್ರಮ್ಮ ಆಪ್ರೇಸನ್ ಅಂದಿದ್ರಂತೆ. ಯಾಕ್ ಮಾಡಿಸ್ಕಳ್ಳಿಲ್ಲ?"

ಯಜಮಾನರು ಯಾವಾಗಲೋ ಬಾಯಿಬಿಟ್ಟಿದ್ದರು ಎಂದು ಕಾಣುತ್ತದೆ. "ಎರಡೂ ಹೆಣ್ಣು. ನೀವು ಒಪ್ಪಲ್ಲ ಅಂತ" ಎಂದೆ.

"ನನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಗಂಡು ಬೇಕು ಎಂದು ಅವರು ಎಂದಾದರೂ ಅಂದಿದ್ದರೇ ಎಂದು ಮಲಗಿದಲ್ಲೇ ನೆನಪು ಮಾಡಿಕೊಂಡೆ. ಮೊದಲ ಬಾಣಂತನ, ಎರಡನೆಯದು, ನಾಮಕರಣ, ಜಗಳ, ಎಲ್ಲವನ್ನೂ ಹುಡುಕಿದೆ. ಒಂದು ಮಾತೂ ಸಿಗಲಿಲ್ಲ. ಆ ಮಾತು ಯಾರ ಬಾಯಲ್ಲಿ ಬಂದಿತ್ತೆಂದು ಹುಡುಕುತ್ತ ಹೋದರೆ ಡಾಕ್ಟರ ಮೇಜಿನ ಮುಂದೆ ಕೂತಿದ್ದ ನಾನೊಬ್ಬಳೇ ಸಿಕ್ಕಿದೆ.

ಮರುದಿನ ಅತ್ತೆಯೇ ನನ್ನನ್ನು ತಿಪಟೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಮೊದಲು ತಾಮ್ರವನ್ನು ತೆಗೆದರು. ಅತ್ತೆ ಅದನ್ನು ತೋರಿಸಿ ಎಂದು ಕೇಳಿ, ಬೆಳಕಿಗೆ ಹಿಡಿದು ನೋಡಿ, ಕಪ್ಪಾಗಿದೆ ಎಂದು ಖಾತ್ರಿ ಮಾಡಿಕೊಂಡು ವಾಪಸ್ಸು ಕೊಟ್ಟರು. ರಕ್ತಕ್ಕೆ ಮಾತ್ರೆ ಬರೆದ ಡಾಕ್ಟರು, ಮೈ ಸ್ವಲ್ಪ ಚೇತರಿಸಿಕೊಂಡ ಕೂಡಲೇ ಆಪರೇಷನ್ ಮಾಡಬಹುದು ಎಂದು ಒಪ್ಪಿಗೆಯ ಕಾಗದ ಮುಂದಿಟ್ಟು, "ಈಗ ಮನೇಲಿ ಎಲ್ಲರೂ ಒಪ್ಪಿದ್ದಾರಾ ಮೇಡಂ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಮನೇಲಿ ಎಲ್ಲಾರೂ ಒಪ್ಪವ್ರೆ ಕಣ್ರವ್ವಾ. ಇವಳೊಬ್ಬಳನ್ನ ಒಪ್ಸಿ."

ಡಾಕ್ಟರು ಪೆನ್ನು ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದುಕೊಂಡು, ಬಿಳಿಚಿದ ಉಗುರುಗಳನ್ನೇ ನೋಡುತ್ತ ನಾನು, "ಒಂದು ತಿಂಗಳು ಟೈಮ್ ಕೊಡಿ ಡಾಕ್ಟ್ರೇ" ಎಂದೆ.