ಬಂದೂಕಿನ ಕೊಂಡಿ

ಆಗ ನನಗೆ ಅರವತ್ತೆಂಟು. ಅದಾಗಿ ನಾಲ್ಕು ವರ್ಷ ಆಯಿತು. ಆ ವಯಸ್ಸಿಗೆ ಹೆಂಗಸರು ಕೌದಿ ಹೊಲಿಯುತ್ತಾರೆ, ಸೊಸೆ ಮಾಡಿದ ಸಾರಿಗೆ ಹೆಸರಿಡುತ್ತಾರೆ. ನಾನು ಬಂದೂಕಿನ ಸಾಮಾನು ಹುಡುಕಿಕೊಂಡು ನಾಲ್ಕು ತಾಲೂಕು ತಿರುಗಿದೆ. ಅದೂ ಎಂಥ ಕೆಲಸಕ್ಕೆ ಅಂದರೆ, ಗಂಡನ ಹೆಣ ಎತ್ತುವ ದಿನ ಒಂದು ಗುಂಡು ಹಾರಿಸುವುದಕ್ಕೆ. ಗಂಡ ಆಗಿನ್ನೂ ಬದುಕಿದ್ದರು. ಕಳಿಸಿದ್ದೇ ಅವರು. ನಾನು ಎರಡನೇತ್ತೆಗೆ ಸಾಲಿ ಬಿಟ್ಟವಳು. ಬಸ್ಸಿನ ಬೋರ್ಡು ಓದಲು ಬರುತ್ತದೆ, ಈ ಕೆಲಸಕ್ಕೆ ಅಷ್ಟು ಸಾಕಾಯಿತು.

ನಮ್ಮದು ನಾಲತವಾಡದ ಹತ್ತಿರ ಒಂದು ಹಳ್ಳಿ. ನಮ್ಮ ಗೌಡರ ಮನೆತನದಲ್ಲಿ ಗಂಡಸು ಸತ್ತರೆ, ಹೆಣ ಹೊಸ್ತಿಲು ದಾಟುವಾಗ ಬಂದೂಕು ಹಾರಿಸಬೇಕು. ಯಾಕೆ ಅಂತ ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಕೇಳಿದ್ದೆ. "ಹಾರಸ್ತಾರ, ಅದಕ್ಕ ಹಾರಸ್ತಾರ" ಅಂದರು. ಬಂದೂಕು ಮಾವನ ಕಾಲದ್ದು, ಲೈಸೆನ್ಸ್ ಇದ್ದದ್ದು, ಬಿಳಿಯರ ದೇಶದಿಂದ ಬಂದದ್ದು. ಅದರ ಹೊಟ್ಟೆಯ ಕೆಳಗೆ ದೊಡ್ಡ ಬಳೆಯಂಥ ಕಬ್ಬಿಣದ ಕೊಂಡಿ. ಅದನ್ನು ಕೆಳಗೆ ಎಳೆದು ಮೇಲೆ ಒತ್ತಿದರೆ ತೋಟಾ ಒಳಗೆ ಹೋಗಿ ಕೂಡುತ್ತದೆ. ಕೊಂಡಿ ಇಲ್ಲದಿದ್ದರೆ ಅದು ಬರೀ ಬಡಿಗೆ. ಕೊಂಡಿ ಮುರಿದದ್ದು ಬೇಟೆಯಲ್ಲಿ ಅಲ್ಲ, ಜೋಳದಿಂದ. ಗೋಡೆಯ ಗೂಟಕ್ಕೆ ಬಂದೂಕನ್ನು ಆ ಕೊಂಡಿಯಿಂದಲೇ ಸಿಕ್ಕಿಸಿದ್ದರು. ನಮ್ಮ ಮನೆಯವರಿಗೆ ತೂಗುಬಿದ್ದದ್ದು ಏನು ಕಂಡರೂ ಅದಕ್ಕೆ ಇನ್ನೊಂದನ್ನು ತೂಗುಹಾಕುವ ಚಟ. ಮೊದಲು ಬೀಜದ ಜೋಳದ ತೆನೆ ಕಟ್ಟಿದರು, ಆಮೇಲೆ ಬಳ್ಳೊಳ್ಳಿ, ಆಮೇಲೆ ಕೊಡೆ, ಮೇಲೊಂದು ಎತ್ತಿನ ಹಗ್ಗ. ಒಂದು ಮಧ್ಯಾಹ್ನ ಲಟ್ ಅಂತ ಎಲ್ಲವೂ ನೆಲಕ್ಕೆ. ತೆನೆ ಬಿತ್ತಿದೆವು, ಬಳ್ಳೊಳ್ಳಿ ತಿಂದೆವು, ಬಂದೂಕನ್ನು ಮೂಲೆಗೆ ನಿಲ್ಲಿಸಿದೆವು. ಆಮೇಲೆ ವರ್ಷಗಟ್ಟಲೆ ಯಾರಿಗೂ ಅದರ ನೆನಪಾಗಲಿಲ್ಲ. ಆ ವರ್ಷಗಳಲ್ಲಿ ನಮ್ಮ ಮನೆಯ ಗಂಡಸರು ಯಾರೂ ಸಾಯಲಿಲ್ಲ.

ಆಮೇಲೆ ನಮ್ಮವರ ಎದೆಯಲ್ಲಿ ನೀರು ತುಂಬಿತು. ವಿಜಯಪುರದ ಡಾಕ್ಟರು ಇನ್ನು ಮನೆಗೆ ಕರಕೊಂಡು ಹೋಗಿರಿ ಅಂದರು. ಮನೆಗೆ ಬಂದು ಮಂಚದ ಮೇಲೆ ಬಿದ್ದವರು ಮೊದಲು ನೋಡಿದ್ದು ಆ ಮೂಲೆಯನ್ನು.

"ಸಾಯೂದಕ್ಕ ಅಂಜಿಕಿ ಇಲ್ಲ ನನಗ. ಸಪ್ಪಳಿಲ್ಲದ ಹೋಗೂದಕ್ಕ ಅಂಜಿಕಿ. ನಮ್ಮಪ್ಪ ಹೋದಾಗ ಸುತ್ತ ಹಳ್ಳಿಗೆಲ್ಲಾ ಕೇಳಿತ್ತು. ನಾ ಏನ ಬೆಕ್ಕು ಹೋದಂಗ ಹೋಗಲೇನ?"

"ಜೀವ ಇರೂತನಕ ಒದರೇ ಒದರೀರಿ. ಸತ್ತ ದಿನಾರ ಊರು ಸುಮ್ಮನಿರಲಿ ಬಿಡ್ರಿ" ಅಂದೆ.

ಬೇರೆ ದಿನ ಆಗಿದ್ದರೆ ಕೈಗೆ ಸಿಕ್ಕ ತಂಬಿಗೆ ಎಸೆಯುತ್ತಿದ್ದರು. ಅವತ್ತು ಗೋಡೆಯ ಕಡೆ ಹೊರಳಿದರು. ಇವರು ಖರೇನೇ ಸಾಯುತ್ತಾರೆ ಅಂತ ಆಗ ನನಗೆ ತಿಳಿಯಿತು. ಮೈದುನನಿಗೆ ಹೇಳಿದರೆ "ಮಾಡೂಣಂತ ವೈನಿ" ಅಂದ. ಅವನು ಹಾಗಂದರೆ ಆ ಕೆಲಸದ ಕಥೆ ಮುಗಿದಂತೆಯೇ. ಮುರಿದ ಕೊಂಡಿಯನ್ನು ಎಲೆ ಅಡಿಕೆಯ ಚಂಚಿಯಲ್ಲಿ ಹಾಕಿಕೊಂಡು ನಾನೇ ಹೊರಟೆ.

ಮುದ್ದೇಬಿಹಾಳದಲ್ಲಿ ಬೆಸುಗೆ ಹಾಕಿಸಿದೆ. ಮನೆಗೆ ಬಂದು ಕೂಡಿಸಿ ಎಳೆದರೆ ಮತ್ತೆ ಕೈಗೆ ಬಂತು. ಸಿಂದಗಿಯಲ್ಲಿ ಹೊಲಿಗೆ ಮಷಿನ್ ಸಾಮಾನು ಮಾರುವವನು ಅದನ್ನು ತಿರುವಿ ತಿರುವಿ ನೋಡಿ "ಯಾವ ಮಷಿನಿಂದ್ರೀ ಇದು?" ಅಂದ. "ಬಂದೂಕಿಂದು" ಅಂದೆ. ಚೇಳು ಹಿಡಿದವನ ಹಾಗೆ ಕೆಳಗೆ ಬಿಟ್ಟ. ಬಸವನ ಬಾಗೇವಾಡಿಯಲ್ಲಿ ಲೇತ್ ಇಟ್ಟವನು ನನ್ನನ್ನು ಬೈದೇ ಬಿಟ್ಟ.

"ಪಂಪಿನ ಸಾಮಾನು ಅಂದಿದ್ರ ಸಂಜೀಕ ಮಾಡಿಕೊಡ್ತಿದ್ದೆ. ಖರೇ ಯಾಕ ಹೇಳಿದಿ ಯಬೇ? ನನ್ನ ಒಳಗ ಹಾಕಸ್ತೀಯೇನು?"

"ಹಂಗಾರ ಪಂಪಿಂದ ಅಂತ ತಿಳಕೋ."

"ಈಗ ಹೆಂಗ ತಿಳಕೊಳ್ಳಲಿ? ತಿಳದಬಿಟ್ಟೈತಲ್ಲ!"

ಸುಳ್ಳು ಹೇಳುವುದನ್ನು ಸಣ್ಣಂದಿನಿಂದ ರೂಢಿ ಮಾಡಿಕೊಳ್ಳಬೇಕಿತ್ತು ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅಂದುಕೊಂಡೆ. ಮುಪ್ಪಿನಲ್ಲಿ ಕಲಿಯಲು ಹೋದರೆ ನಾಲಿಗೆ ಹೊರಳುವುದಿಲ್ಲ. ಇಂಡಿಯಲ್ಲಿ ಹಿಂದೆ ಬಂದೂಕು ರಿಪೇರಿ ಮಾಡುತ್ತಿದ್ದ ಮುದುಕನೊಬ್ಬ ಸಿಕ್ಕ. "ಇದನ್ನ ಮಾಡೋ ಕಾರ್ಖಾನಿ ಮುಚ್ಚಿ ಯಾವ ಕಾಲ ಆತೋ. ಸಾಮಾನು ಬೇಕಂದ್ರ ಇಂಥಾದ್ದು ಇನ್ನೊಂದು ಬಂದೂಕು ಸತ್ತಿರಬೇಕು ನೋಡ್ರಿ" ಅಂದ. ಕೊಲ್ಹಾರದಲ್ಲಿ ಒಂದು ಮನೆಯಲ್ಲಿ ಅಂಥದ್ದು ಇತ್ತು ಅಂತ ಗುರುತು ಹೇಳಿದ.

ಸಂಜೆ ಮನೆಗೆ ಬಂದರೆ ಮಂಚದಿಂದ ಅದೇ ಮಾತು: "ಸಿಕ್ತೇನ?"

"ಇಲ್ಲ."

"ಹಂಗಾರ ತಡೀತೇನಿ."

ಬಸ್ಸಿಗೆ ಕಾಯುವವರ ಹಾಗೆ ಹೇಳುತ್ತಿದ್ದರು. ಕೊಂಡಿ ಸಿಗದಿದ್ದರೆ ಇವರು ಸಾಯುವುದೇ ಇಲ್ಲವೇನೋ ಅಂತ ನನಗೆ ಅನ್ನಿಸಿತು. ಹುಡುಕುವುದು ಬಿಟ್ಟುಬಿಡಲೇ ಅಂತಲೂ ಅನ್ನಿಸಿತು. ಆದರೆ ಒಂದೊಂದು ಉಸಿರನ್ನು ಬಾವಿಯಿಂದ ಸೇದಿದಂತೆ ಸೇದುತ್ತಿದ್ದರು. ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ. ಕೊಲ್ಹಾರಕ್ಕೆ ಹೋದೆ.

ಆ ಮನೆಯಾಕೆ ಖೈರುನ್‌ಬಿ, ನನ್ನ ವಾರಿಗೆಯವಳು, ಗಂಡ ಇಲ್ಲ. ಹಳೇ ಊರು ಡ್ಯಾಮಿನ ನೀರಿನಲ್ಲಿ ಮುಳುಗುವಾಗ ಬಂದೂಕನ್ನೂ ಹೊತ್ತು ತಂದಿದ್ದರಂತೆ. ಒಲೆ ಊದಿ ನನಗೆ ಚಹಾ ಮಾಡಿದಳು. ಊದುಗೊಳವೆ ನೋಡಿದೆ, ಬಂದೂಕಿನ ನಳಿಗೆ!

"ನಮ್ಮ ಮಾವ ಕೊಯ್ಸಿ ಕೊಟ್ರು ನೋಡ್ರಿ. ಹುಲಿ ಹೊಡೀಲಿಲ್ಲ, ಹಂದಿ ಹೊಡೀಲಿಲ್ಲ, ರೊಟ್ಟಿ ಆದ್ರೂ ಬೇಯಿಸಲಿ ಅಂತ."

"ಅದರ ಕೊಂಡಿ?"

ಆಡಿನ ದಡ್ಡಿಯ ಬಾಗಿಲಿಗೆ ಅದೇ ಚಿಲಕ ಆಗಿತ್ತು. ನನ್ನ ಚಂಚಿಯ ತುಂಡು ಅದರ ಪಕ್ಕ ಹಿಡಿದೆ. ಒಂದೇ ತಾಯಿಯ ಮಕ್ಕಳು. ಯಾತಕ್ಕೆ ಬೇಕು ಅಂತ ಕೇಳಿದಳು, ಹೇಳಿದೆ. ಬಾಯಿಗೆ ಸೆರಗು ಹಿಡಿದು ನಕ್ಕಳು.

"ನಿಮ್ಮವ್ರು ಸಾಯಾಕ ಇಷ್ಟು ತಯಾರಿ ಮಾಡ್ಯಾರ, ನಮ್ಮವ್ರು ಊಟದ ತಾಟಿನ ಮುಂದ ಕುಂತಲ್ಲೇ ಹೋದ್ರು. ಮತ್ತ ನಿಮಗೂ ಹಾರಸ್ತಾರೇನ್ರೀ?"

"ಹೆಣ್ಣಮಕ್ಕಳಿಗೆ ಇಲ್ಲ."

"ಹಂಗಾರ ಈ ಉಸಾಬರಿ ನಿಮಗ್ಯಾಕ್ರೀ ಯಕ್ಕಾ?"

ಚಹಾ ಕುಡಿದೆ. ಅವಳೇ ಚಿಲಕ ಬಿಚ್ಚಿ, ಬಾಗಿಲಿಗೆ ಹಗ್ಗ ಕಟ್ಟಿದಳು. "ಕೆಲಸ ಮುಗಿದ ಕೂಡಲೇ ತಂದು ಕೊಡ್ರಿ. ಹಗ್ಗ ಇದ್ರ ಆಡು ತಿಂದು ಹೊರಗ ಬರ್ತಾವ" ಅಂದಳು. ಬಸವಣ್ಣನ ಆಣೆ ಮಾಡಿ ಬಂದೆ.

ಮೈದುನ ಒಂದೇ ತಿರುಪಿನಲ್ಲಿ ಕೂಡಿಸಿದ. ಅಷ್ಟಕ್ಕೆ ಬೆವರು ಒರೆಸಿಕೊಂಡ. ನಮ್ಮವರು ಬಂದೂಕನ್ನು ಎದೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಕೊಂಡಿ ಎಳೆದರು. ಖಟಕ್ ಅಂತು.

"ಇದು ನಮ್ಮದಲ್ಲ" ಅಂದರು.

"ಕೊಲ್ಹಾರದ್ದು."

"ಸಪ್ಪಳ ಚೊಲೋ ಐತಿ" ಅಂದರು. ಆಮೇಲೆ ಸಿಕ್ತೇನ ಅಂತ ಕೇಳುವುದು ನಿಂತಿತು. ಊಟ ಬೇಡ ಅಂದರು, ಗುಳಿಗೆ ಬೇಡ ಅಂದರು. ಆ ವಾರ ದಾಟಲಿಲ್ಲ.

ಹೆಣ ಹೊಸ್ತಿಲು ದಾಟುವಾಗ ಮೈದುನ ಬಂದೂಕು ಎತ್ತಿದ. ಉಳಿದಿದ್ದದ್ದು ಒಂದೇ ತೋಟಾ, ಅದೂ ಮಾವನ ಕಾಲದ್ದು. ನಾನು ಹಲ್ಲು ಕಚ್ಚಿ ನಿಂತಿದ್ದೆ. ಹಾರಿತು. ಪಾರಿವಾಳ ಎದ್ದವು, ಪಕ್ಕದ ಮನೆಯ ಕರು ಹಗ್ಗ ಕಿತ್ತುಕೊಂಡು ಓಡಿತು. ಗೌಡರು ಗೌಡರಂತೆ ಹೋದರು ಅಂತ ಊರವರೆಲ್ಲ ಅಂದರಂತೆ. ನನಗೆ ಕೇಳಲಿಲ್ಲ. ನಾನು ಬಂದೂಕಿನ ಬಾಜೂಕ್ಕೇ ನಿಂತಿದ್ದೆ, ಕಿವಿ ಕಟ್ಟಿಬಿಟ್ಟಿತು. ಸುತ್ತ ಎಲ್ಲರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನನ್ನದೂ ತೆರೆದಿತ್ತೋ ಏನೋ, ನಾನು ಅತ್ತೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಮಣ್ಣು ಕೊಟ್ಟು ಬಂದಮೇಲೆ ಮೈದುನ ನನ್ನ ಕಿವಿಯ ಹತ್ತಿರ ಬಾಯಿ ತಂದು ಒದರಿದ: "ಬಂದೂಕು ಭಾಳ ಚೊಲೋ ಆತು ವೈನಿ! ಇನ್ನ ನಾ ಹೋಗೂ ದಿನದ್ದೂ ಚಿಂತಿ ಹೋತು!"

ಮರುದಿನ ಮುಂಜಾನೆ, ಮಣ್ಣಿಗೆ ಬಂದಿದ್ದ ಬೀಗರು ಏಳುವ ಮುಂಚೆ ತಿರುಪು ಬಿಚ್ಚಿ, ಕೊಂಡಿ ತೆಗೆದು ಚಂಚಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಎಲ್ಲಿಗೆ ಅಂತ ಎರಡು ಸಲ ಕೇಳಿದನಂತೆ, ಬಾಜೂಕ್ಕೆ ಕೂತವಳು ನನ್ನ ತೋಳು ಅಲುಗಿಸಿದಳು. "ಕೊಲ್ಹಾರ" ಅಂದೆ. ನಾನು ಮೆಲ್ಲಗೇ ಅಂದೆ ಅಂದುಕೊಂಡಿದ್ದೆ. ಇಡೀ ಬಸ್ಸು ತಿರುಗಿ ನೋಡಿತು.